ಗೌರಿ ಗಡ್ಡೆ ಅಗೆದ ಶ್ರಾವಣ

ಗೌರಿ ಹೂವನ್ನು ನಾನು ಈಗಲೂ ಬರಿಗೈಯಿಂದ ಮುಟ್ಟುವುದಿಲ್ಲ. ನೋಡಲು ಅದರಷ್ಟು ಚೆಂದದ ಕಾಡುಹೂ ನಮ್ಮ ಕಡೆ ಇನ್ನೊಂದಿಲ್ಲ. ಬಾದಾಮಿಯಿಂದ ಶಿರೂರಿನ ದಿಕ್ಕಿಗೆ ಹಬ್ಬಿದ ಕೆಂಪು ಕಲ್ಲಿನ ಗುಡ್ಡಗಳಲ್ಲಿ, ಕಳ್ಳಿ ಮತ್ತು ಬಾರಿಹಣ್ಣಿನ ಮುಳ್ಳುಕಂಟಿಗಳ ನಡುವೆ, ಮುಂಗಾರು ಬಿದ್ದು ತಿಂಗಳಾಗುವಷ್ಟರಲ್ಲಿ ಅದರ ಬಳ್ಳಿ ಮೇಲೆದ್ದು ಬರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಂಟಿಯನ್ನು ಹಿಡಿದುಕೊಳ್ಳುತ್ತದೆ. ಹೂ ಕೆಳಮುಖವಾಗಿ ತೂಗುತ್ತದೆ, ಎಸಳುಗಳು ಮಾತ್ರ ಮೇಲಕ್ಕೆ ಹೊರಳಿ ಬೆಂಕಿಯ ನಾಲಿಗೆಗಳಂತೆ ನಿಂತಿರುತ್ತವೆ. ಅರಳಿದಾಗ ಹಳದಿ, ಒಂದೆರಡು ದಿನ ಕಳೆದರೆ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಎರಡೂ ಬಣ್ಣ ಕಾಣುವುದರಿಂದ ಕೆಲವರು ಅದನ್ನು ಅಕ್ಕತಂಗಿ ಬಳ್ಳಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದು ಗೌರಿ ಹೂ, ನೆಲದೊಳಗೆ ಇರುವುದು ಗೌರಿ ಗಡ್ಡೆ.

ಆ ಗಡ್ಡೆಯನ್ನು ಅಗೆದು ತರುತ್ತಿದ್ದವಳು ನಮ್ಮೂರಲ್ಲಿ ನನ್ನ ಆಯಿ ಒಬ್ಬಳೇ. ಆಯಿ ಎಂದರೆ ಅಪ್ಪನ ತಾಯಿ. ಸುತ್ತಲಿನ ನಾಲ್ಕೈದು ಊರುಗಳಿಗೆ ಅವಳು ಸೂಲಗಿತ್ತಿ. ಹೆರಿಗೆ ತಡವಾದರೆ ಗೌರಿ ಗಡ್ಡೆಯನ್ನು ಕಲ್ಲಿನ ಮೇಲೆ ತೇಯ್ದು ಬಸುರಿಯ ಅಂಗಾಲಿಗೆ ಹಚ್ಚುತ್ತಿದ್ದಳು. ಕೂಸು ಹೊರಗೆ ಬಂದ ಕ್ಷಣವೇ ಆ ಅಂಗಾಲನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯುತ್ತಿದ್ದಳು. ಚೇಳು ಕಡಿಸಿಕೊಂಡವರು ಅಳುತ್ತ ಬಂದರೆ ಕಡಿದ ಜಾಗಕ್ಕೂ ಅದೇ. ಬೇಸಿಗೆಯಲ್ಲಿ ಬಿಸಿಯೇರಿದ ಬಂಡೆಗಳ ಸಂದಿಯಿಂದ ಚೇಳುಗಳು ಊರೊಳಗೆ ಇಳಿಯುತ್ತಿದ್ದರಿಂದ ನಮ್ಮ ಪಡಸಾಲೆಯಲ್ಲಿ ಯಾರಾದರೊಬ್ಬರು ಕಾಲು ಚಾಚಿ ಕೂತೇ ಇರುತ್ತಿದ್ದರು. ಎಲೆಯ ರಸವನ್ನು ಹೇನಿಗೆಂದು ಹುಡುಗಿಯರ ತಲೆಗೆ ಹಚ್ಚುವುದೂ ಇತ್ತು. ನನ್ನ ತಲೆಗೆ ಹಚ್ಚಿದ ದಿನ ಮೂಗು ಬಾಯಿ ಮುಚ್ಚಿಕೊಂಡು ಕೂಡಲು ಹೇಳಿದ್ದಳು, ಕಣ್ಣಿಗೆ ಹನಿ ಬಿದ್ದೀತೆಂದು ತನ್ನ ಸೆರಗನ್ನು ನನ್ನ ಹಣೆಗೆ ಬಿಗಿಯಾಗಿ ಕಟ್ಟಿದ್ದಳು.

ಬಳ್ಳಿಯನ್ನು ಅಗೆಯುವ ಮೊದಲು ಆಯಿ ಅದರ ಬುಡಕ್ಕೆ ಚಿಟಿಕೆ ವಿಭೂತಿ ಹಾಕಿ ಕೈಮುಗಿಯುತ್ತಿದ್ದಳು. ಮನೆಗೆ ತಂದ ಮೇಲೆ ಗಡ್ಡೆಯನ್ನು ಕೆಂಪು ಅರಿವೆಯಲ್ಲಿ ಸುತ್ತಿ ಜಂತಿಯ ಸಂದಿಯಲ್ಲಿ ಸಿಗಿಸಿಡುತ್ತಿದ್ದಳು. ಮಕ್ಕಳಾದ ನಮಗೆ ಆ ಜಂತಿಯ ಕೆಳಗೆ ಆಡಲೂ ಭಯವಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣ. ನನಗೆ ಆಗ ಹನ್ನೆರಡು ವರ್ಷ. ಅಕ್ಕ ಇಳಕಲ್ಲಿನಿಂದ ಹೆರಿಗೆಗೆಂದು ಮನೆಗೆ ಬಂದಿದ್ದಳು. ಭಾವ ಅಲ್ಲಿ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಇದು ಅಕ್ಕನ ಎರಡನೆಯ ಬಸಿರು. ಮೊದಲನೆಯದು ಏಳನೇ ತಿಂಗಳಿಗೇ ಹೋಗಿತ್ತು, ಅದೂ ಇಳಕಲ್ಲಿನಲ್ಲಿ, ನಮ್ಮವರು ಯಾರೂ ಹತ್ತಿರ ಇಲ್ಲದಾಗ. ಆದ್ದರಿಂದ ಈ ಸಲ ಮನೆಯಲ್ಲಿ ಎಲ್ಲರೂ ಅಕ್ಕನ ಸುತ್ತ ಕಾಲ್ಬೆರಳ ಮೇಲೆ ಓಡಾಡುತ್ತಿದ್ದೆವು. ಅವ್ವ ಜೋರಾಗಿ ಕೆಮ್ಮುತ್ತಿರಲಿಲ್ಲ. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತರೆ ಅಪ್ಪ ಮೂರು ಸಲ ಬಾಗಿಲಿಗೆ ಬಂದು ಹೋಗುತ್ತಿದ್ದ. “ಒದೀತೈತೇನು?” ಎಂದು ಅವ್ವ ಕೇಳುವಳು. ಅಕ್ಕ ತಲೆಯಾಡಿಸಿದ ಮೇಲೆಯೇ ಎಲ್ಲರೂ ಉಸಿರು ಬಿಡುತ್ತಿದ್ದೆವು.

ಪಂಚಮಿ ಮುಗಿದು ನಾಲ್ಕು ದಿನವಾಗಿತ್ತು. ಆಯಿ ನನ್ನನ್ನು ಹಿತ್ತಲಿಗೆ ಕರೆದಳು.

“ಈ ಸಲ ಗುಡ್ಡಕ್ಕ ನೀ ಹೋಗಬೇಕವಾ. ನನಗ ಮಣಕಾಲ ನೋವು, ಏರೂದ ಆಗೂದಿಲ್ಲ,” ಎಂದಳು.

ಆಯಿ ಗಡ್ಡೆ ತರಲು ಬೇರೆಯವರನ್ನು ಕಳಿಸುತ್ತಿದ್ದಾಳೆ ಎಂಬುದೇ ನನಗೆ ನಂಬಲಾಗಲಿಲ್ಲ. ಬೇಕಿದ್ದದ್ದು ಎರಡು ಬೇರು. ಒಂದು, ಹೆರಿಗೆಗೆ ಗೌರಿ ಗಡ್ಡೆ. ಇನ್ನೊಂದು, ಬಾಣಂತಿಗೆ ಹಾಲು ಹೆಚ್ಚಲು ಮಕ್ಕಳ ತಾಯಿ ಬೇರು. ಅದು ಸೂಜಿಯಂಥ ಎಲೆಯ ಮುಳ್ಳುಬಳ್ಳಿ, ಅದೇ ಗುಡ್ಡದಲ್ಲಿ, ಬಹಳ ಸಲ ಅದೇ ಕಂಟಿಯಲ್ಲಿ ಇರುತ್ತಿತ್ತು. ಆಯಿ ನನ್ನ ಕೈಹಿಡಿದು, ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿದಳು.

“ಗೌರಿ ಗಡ್ಡಿ ನೇಗಿಲ ಇದ್ದಂಗ ಇರತೈತಿ, ಅದಕ್ಕ ಎರಡ ಕಾಲ. ಅದು ಮ್ಯಾಲ ಹಚ್ಚೂದು. ಹೊಟ್ಟಿಗೆ ಹೋತಂದ್ರ ಮನಶ್ಯಾ ಉಳಿಯೂದಿಲ್ಲ. ಮಕ್ಕಳ ತಾಯಿ ಬೇರು ಗೊಂಚಲ ಇರತೈತಿ, ಕೂಸಿನ ಬೆರಳ ಇದ್ದಂಗ. ಅದು ಹಾಲಿನಾಗ ಕುದಿಸಿ ಕುಡಿಯೂದು. ಎರಡೂ ಒಂದ ಅರಿವ್ಯಾಗ ಕಟ್ಟಬ್ಯಾಡ. ಕೈ ಬಾಯಿಗೆ ಹಚ್ಚಬ್ಯಾಡ. ತಿಳೀತಿಲ್ಲ?”

“ತಿಳೀತು ಆಯಿ.”

ಒಂದು ಕೆಂಪು ಅರಿವೆ, ಒಂದು ಬಿಳಿ ಅರಿವೆ, ಒಂದು ಸಣ್ಣ ಕುಡಗೋಲು, ಚಿಟಿಕೆ ವಿಭೂತಿ. ಬೆಳಿಗ್ಗೆ ಒಬ್ಬಳೇ ಹೊರಟೆ.

ಎರಡೂ ಬಳ್ಳಿ ಬೇಗನೇ ಸಿಕ್ಕವು. ಮಕ್ಕಳ ತಾಯಿ ಬೇರನ್ನು ಅಗೆದು ಬಿಳಿ ಅರಿವೆಯಲ್ಲಿ ಕಟ್ಟಿದೆ. ಗೌರಿ ಬಳ್ಳಿಯ ಬುಡಕ್ಕೆ ವಿಭೂತಿ ಹಾಕಿ ಅಗೆಯತೊಡಗಿದಾಗ ಮೋಡ ಕಪ್ಪಾಗಿತ್ತು. ಅವಸರದಲ್ಲಿ ಜೋರಾಗಿ ಎಳೆದೆ. ಗಡ್ಡೆಯ ಎರಡು ಕಾಲುಗಳಲ್ಲಿ ಒಂದು ಕಟ್ಟೆಂದು ಮುರಿದು ಕೈಗೆ ಬಂತು. ಎರಡೂ ತುಂಡುಗಳನ್ನು ಕೆಂಪು ಅರಿವೆಗೆ ಹಾಕಿ, ಸಡಿಲಾಗಿಯೇ ಗಂಟು ಕಟ್ಟಿ ಇಳಿಯತೊಡಗಿದೆ. ಅಷ್ಟರಲ್ಲಿ ಮಳೆ ಬಂತು. ನಮ್ಮ ಗುಡ್ಡದ ಬಂಡೆಗಳು ಒಣಗಿದ್ದಾಗ ಕಾಲು ಹಿಡಿಯುತ್ತವೆ, ನೆನೆದರೆ ಎಣ್ಣೆ ಹಚ್ಚಿದ ಹಾಗೆ. ಅರ್ಧ ದಾರಿಯಲ್ಲಿ ಜಾರಿ ಬಿದ್ದೆ. ಮೊಳಕೈ ತರಚಿತು. ಎರಡೂ ಗಂಟುಗಳು ಕೈಬಿಟ್ಟು ಹಾರಿ ಬಿಚ್ಚಿಕೊಂಡವು. ಬೇರುಗಳೆಲ್ಲ ಕೆಂಪು ರಾಡಿಯಲ್ಲಿ ಚೆಲ್ಲಾಡಿದವು.

ಅಳುತ್ತ ಎಲ್ಲವನ್ನೂ ಆರಿಸಿದೆ. ದೊಡ್ಡ ಕಾಲಿನ ಗೌರಿ ಗಡ್ಡೆ ಗುರುತಿಗೆ ಸಿಕ್ಕಿತು. ಮುರಿದ ತುಂಡು ಮಾತ್ರ ಯಾವುದೆಂದು ತಿಳಿಯಲಿಲ್ಲ. ಬೆರಳು ಗಾತ್ರದ್ದು, ರಾಡಿ ಮೆತ್ತಿದ್ದು, ಮಕ್ಕಳ ತಾಯಿ ಬೇರುಗಳ ಹಾಗೆಯೇ ಇದ್ದದ್ದು. ಅಲ್ಲಿಯೇ ನೀರು ಹರಿಯುವ ಕೊರಕಲಿಗೆ ಬಿದ್ದು ಕೊಚ್ಚಿಹೋಯಿತೋ, ಅಥವಾ ನಾನೇ ಬಾಚಿ ಬಿಳಿ ಅರಿವೆಗೆ ತುಂಬಿಕೊಂಡೆನೋ. ಮಳೆಯಲ್ಲಿ ಕೂತು ಒಂದೊಂದನ್ನೂ ತಿರುಗಿಸಿ ನೋಡಿದೆ. ಗುಡುಗು ಶುರುವಾಯಿತು. ಎದ್ದು ಓಡಿದೆ.

ಮನೆಯಲ್ಲಿ ಆಯಿ ಕೇಳಿದ್ದು ಒಂದೇ ಪ್ರಶ್ನೆ. “ಎರಡೂ ಬ್ಯಾರೆ ಬ್ಯಾರೆ ಅದಾವಿಲ್ಲ?”

“ಹೂಂ ಆಯಿ,” ಎಂದೆ.

ಯಾಕೆ ಹಾಗೆ ಹೇಳಿದೆ? ಬೈಸಿಕೊಳ್ಳುವ ಹೆದರಿಕೆಯೊಂದೇ ಅಲ್ಲ. ಮೊದಲ ಸಲ ನನ್ನನ್ನು ನಂಬಿ ಕಳಿಸಿದ್ದಳು. ಬಾಗಿಲಲ್ಲಿ ಅಕ್ಕ ನಿಂತು ನಗುತ್ತಿದ್ದಳು, “ನಮ್ಮ ತಂಗಿ ನನಗಂತ ಗುಡ್ಡಾ ಏರಿ ಬಂದಾಳ” ಎಂದು ಅವ್ವನಿಗೆ ಹೇಳುತ್ತಿದ್ದಳು. ಆ ನಗೆಯ ಮುಂದೆ ಬಾಯಿ ಬರಲಿಲ್ಲ.

ಆಯಿ ಕೆಂಪು ಅರಿವೆ ಬಿಚ್ಚಿ ಗಡ್ಡೆಯ ಮೇಲೆ ಬೆರಳಾಡಿಸಿದಳು. “ಇದಕ್ಕ ಒಂದ ಕಾಲ ಇಲ್ಲಲ್ಲ?”

“ಮುರದು ನೆಲದಾಗ ಉಳೀತು.”

 ಅವಳು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಗಡ್ಡೆಯನ್ನು ಹಿಡಿದುಕೊಂಡೇ ಕೂತಿದ್ದಳು.

ಮರುದಿನ ಆಯಿ ಬಿಳಿ ಅರಿವೆಯ ಬೇರುಗಳನ್ನು ತೊಳೆದು, ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ ಮೊರದಲ್ಲಿ ಹರಡಿ ಒಲೆಯ ಮೇಲಿನ ಹಲಗೆಗೆ ಏರಿಸಿದಳು. ಸಿಪ್ಪೆ ಹೋದ ಮೇಲೆ ಎಲ್ಲ ಒಂದೇ ಬಿಳಿ. ನಾನು ನೀರು ಕುಡಿಯುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಒಲೆಯ ಹತ್ತಿರ ಹೋಗಿ ತಲೆಯೆತ್ತಿ ಆ ಮೊರವನ್ನು ನೋಡುತ್ತಿದ್ದೆ. ಸಾಲೆ ಬಿಟ್ಟ ಮೇಲೆ ಮತ್ತೆ ಗುಡ್ಡಕ್ಕೆ ಹೋಗಿ ಬಿದ್ದ ಜಾಗವನ್ನು ಹುಡುಕಿದೆ. ಕೊರಕಲಲ್ಲಿ ನೀರು ಹರಿದು ಮರಳು ಬಳಿದುಹೋಗಿತ್ತು. ಕಲ್ಲುಗಳನ್ನು ಎತ್ತಿ ನೋಡಿದೆ, ಕಂಟಿಯ ಬುಡಗಳನ್ನು ಕೆದರಿದೆ. ಮುರಿದ ತುಂಡು ಅಲ್ಲಿ ಸಿಕ್ಕಿದ್ದರೆ ಅದೊಂದೇ ಸಾಕಿತ್ತು. ಸಿಗಲಿಲ್ಲ.

ಗೌರಿ ಗಡ್ಡೆ ಕಹಿ ಎಂದು ಆಯಿ ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ಒಂದು ಮಧ್ಯಾಹ್ನ ಅವ್ವ ಬಾವಿಗೆ ಹೋದಾಗ ಕಟ್ಟಿಗೆಯ ಸಂದೂಕದ ಮೇಲೆ ಹತ್ತಿ ಮೊರವನ್ನು ಇಳಿಸಿದೆ. ಒಂದು ಬಿಲ್ಲೆಯನ್ನು ತೆಗೆದು ನಾಲಿಗೆಗೆ ತಾಗಿಸಿ ಉಗುಳಿದೆ. ಸ್ವಲ್ಪ ಸಿಹಿ, ಸ್ವಲ್ಪ ಲೋಳೆ. ಇನ್ನೊಂದು. ಮತ್ತೊಂದು. ಹತ್ತಿಪ್ಪತ್ತು ಬಿಲ್ಲೆಗಳಾಗುವಷ್ಟರಲ್ಲಿ ಯಾವುದರ ರುಚಿ ಯಾವುದೆಂದು ತಿಳಿಯದಾಯಿತು. ಬಾಯಿ ಒಣಗಿತು. ತುಟಿ ಜುಮುಗುಟ್ಟಿದ ಹಾಗೆ ಅನಿಸಿತು. ಇನ್ನು ನಾನು ಸಾಯುತ್ತೇನೆ ಎಂದುಕೊಂಡು ಮೊರವನ್ನು ಮೇಲಿಟ್ಟು, ಹಿತ್ತಲ ಬೇವಿನ ಮರದ ಕೆಳಗೆ ಹೋಗಿ ಕೂತೆ. ಅವ್ವ ಕೊಡ ಹೊತ್ತು ಬಂದಳು, ಎಮ್ಮೆಗೆ ನೀರು ಕುಡಿಸಿದಳು, “ಹಂಗ್ಯಾಕ ಕುಂತಿ, ಬಾ ರೊಟ್ಟಿ ತಿನ್ನು” ಎಂದಳು. ಸಾಯಲಿಲ್ಲ. ಆದರೆ ಮೊರದಲ್ಲಿ ಇನ್ನೂ ಎರಡು ಬೊಗಸೆ ಬಿಲ್ಲೆಗಳು ಉಳಿದಿದ್ದವು.

ಎರಡು ದಿನ ಬಿಟ್ಟು ಇನ್ನೊಂದು ಸಂಗತಿ ಕಂಡೆ. ಆಯಿ ಅದೇ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿನ ಕಡೆ ಕೂತಿದ್ದಳು. ಒಂದೊಂದು ಬಿಲ್ಲೆಯನ್ನೂ ಮೂಗಿನ ಹತ್ತಿರ ಹಿಡಿಯುವಳು, ಬೆರಳಿನಿಂದ ತಿಕ್ಕುವಳು, ನಾಲಿಗೆಯ ತುದಿಗೆ ತಾಗಿಸುವಳು. ನನ್ನ ಹೆಜ್ಜೆಯ ಸಪ್ಪಳಕ್ಕೆ ಬೆಚ್ಚಿ ಮೊರವನ್ನು ಸೆರಗಿನಿಂದ ಮುಚ್ಚಿದಳು. ಒಣಗಿವೆಯೋ ಇಲ್ಲವೋ ನೋಡುತ್ತಿದ್ದಾಳೆ ಎಂದುಕೊಂಡೆ. ಆಯಿಗೆ ತಿಳಿಯದ ಬೇರು ಯಾವುದಿದೆ, ಅವಳೇ ನೋಡಿದ ಮೇಲೆ ಇನ್ನೇನು ಭಯ ಎಂದು ನನಗೆ ನಾನೇ ಹೇಳಿಕೊಂಡೆ. ಆ ಒಂದು ರಾತ್ರಿ ನಿದ್ದೆ ಬಂತು.

ಮರುದಿನ ಸಾಲೆಯಿಂದ ಬರುವಾಗ ಬೀದಿಯ ತನಕ ಒರಳಿನ ಸದ್ದು ಕೇಳುತ್ತಿತ್ತು. ಆಯಿ ಎಲ್ಲವನ್ನೂ ಕುಟ್ಟಿ, ಸೋಸಿ, ಹಿತ್ತಾಳೆಯ ಡಬ್ಬಿಗೆ ತುಂಬಿದ್ದಳು. ಈಗ ಅದು ಬರೀ ಹಿಟ್ಟು. ಇನ್ನು ಬೇರ್ಪಡಿಸಲು ಯಾರಿಂದಲೂ ಸಾಧ್ಯವಿರಲಿಲ್ಲ.

ಅಕ್ಕನಿಗೆ ನೋವು ಶುರುವಾದದ್ದು ಒಂದು ಬೆಳಗಿನ ಜಾವ. ಸೂರ್ಯ ನೆತ್ತಿಗೆ ಬಂದರೂ ಹೆರಿಗೆಯಾಗಲಿಲ್ಲ. ಅಪ್ಪ ಯಾರ ಮಾತನ್ನೂ ಕೇಳದೆ ಪಕ್ಕದ ಊರಿಗೆ ಹೋಗಿ ನರ್ಸಬಾಯಿಯನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಬಂದ. ಹುನಗುಂದ ಕಡೆಯ ಹೆಣ್ಣುಮಗಳು, ವಯಸ್ಸು ಚಿಕ್ಕದು, ಮಾತು ಖಡಕ್ಕು. ಒಳಗೆ ಕಾಲಿಟ್ಟವಳೇ ತೇಯುವ ಕಲ್ಲು ನೋಡಿದಳು.

“ಇದು ಗೌರಿ ಗಡ್ಡಿ ಹೌದಲ್ರಿ? ಇದನ್ನ ಹಚ್ಚಬ್ಯಾಡ್ರಿ ಆಯಿ. ನಿಮ್ಮ ಕೈಮುಗೀತೇನಿ. ಹೋದ ವರ್ಷ ಒಬ್ಬಾಕಿ ಇದರಿಂದ ಉಳೀಲಿಲ್ಲ.”

“ನಾ ಹಚ್ಚಿದ್ದಲ್ಲವಾ ಅದು,” ಎಂದಳು ಆಯಿ.

“ನೀವಲ್ರಿ. ಆದ್ರ ಗಡ್ಡಿ ಇದ.”

ಜಗಳವಾಗುತ್ತದೆ ಎಂದುಕೊಂಡೆ. ಆಯಿ ಕಲ್ಲನ್ನು ಗೋಡೆಯ ಕಡೆ ಸರಿಸಿದಳು. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿದ್ದಕ್ಕೆ ಅವ್ವನಿಗೂ ಆಶ್ಚರ್ಯವಾಯಿತು. ನರ್ಸಬಾಯಿ ಒಂದು ಕಡೆ, ಆಯಿ ಇನ್ನೊಂದು ಕಡೆ ಕೂತರು. ನಾನು ಹೊರಗೆ ಕಟ್ಟೆಯ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಎಮ್ಮೆಗಳು ಮೇಯ್ದು ಮನೆಗೆ ತಿರುಗುವ ಹೊತ್ತಿಗೆ ಕೂಸಿನ ಅಳು ಕೇಳಿತು. ಹೆಣ್ಣುಕೂಸು. ಅಪ್ಪ ಗೋಡೆಗೆ ಹಣೆಯಾನಿಸಿ ಬಹಳ ಹೊತ್ತು ನಿಂತಿದ್ದ.

ಎಲ್ಲರ ಚಿಂತೆ ಅಲ್ಲಿಗೆ ಮುಗಿಯಿತು. ನನ್ನದು ಈಗ ಡಬ್ಬಿಯಲ್ಲಿ ಕೂತಿತ್ತು. ಮೊದಲ ಎರಡು ದಿನ ಅಕ್ಕನಿಗೆ ಹಾಲು ಚೆನ್ನಾಗಿ ಇಳಿಯಲಿಲ್ಲ. ಕೂಸು ಚೀಪಿ ಚೀಪಿ ಅಳುತ್ತಿತ್ತು. “ನಾಳೆ ಬೇರಿನ ಹಾಲು ಶುರು ಮಾಡೂಣು,” ಎಂದು ಆಯಿ ಹೇಳಿದ್ದು ಕೇಳಿಸಿತು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದಾಗ ಆಯಿ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ತುಂಬಿಕೊಂಡಿದ್ದರು. ಅಷ್ಟು ಜನರ ಮುಂದೆ ಬಾಯಿ ಬಿಡಲಾಗದೆ ಸಾಲೆಗೆ ಹೋದೆ. ಪಾಟಿಯ ಮೇಲೆ ಬರೆದ ಲೆಕ್ಕ ಕಣ್ಣಿಗೆ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಓಡಿಬಂದೆ.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಹತ್ತಿರ ಖಾಲಿ ಲೋಟ.

“ಏನ ಕುಡದಿ?” ಎಂದೆ.

“ಆಯಿ ಬೇರಿನ ಹಾಲ ಕೊಟ್ಟಿದ್ಲು. ಎಷ್ಟ ಬೆಲ್ಲಾ ಹಾಕ್ಯಾಳಂತಿ, ಬರೇ ಸಿಹಿ.”

“ಯಾವಾಗ ಕುಡದಿ?”

“ಈಗ. ನೀ ಬರೂಕಿಂತ ಸ್ವಲ್ಪ ಮೊದಲ. ಯಾಕ, ಹಂಗ್ಯಾಕ ನೋಡತಿ?”

ನಾನು ಅಡುಗೆಮನೆಗೆ ಓಡಿ ಆಯಿಯ ಕಾಲು ಹಿಡಿದುಕೊಂಡೆ. ಗುಡ್ಡ, ಮಳೆ, ಜಾರಿದ್ದು, ಮುರಿದ ತುಂಡು, ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಯಿ ಬೈಯಲಿಲ್ಲ. ಕಂಬವನ್ನು ಹಿಡಿದುಕೊಂಡಳು.

“ಖರೆ ಹೇಳು. ಆ ತುಂಡು ಬಿಳಿ ಅರಿವ್ಯಾಗ ಬಂದಿದ್ದು ನೀ ನೋಡಿಯೇನು?”

“ಇಲ್ಲ ಆಯಿ. ಬಂದೈತೋ ಇಲ್ಲೋ ನನಗ ಗೊತ್ತಿಲ್ಲ.”

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಆಯಿ ಉಪ್ಪು ನೀರು ಕುಡಿಸಿ ಅಕ್ಕನ ಗಂಟಲಿಗೆ ಬೆರಳು ಹಾಕಿ ಕಕ್ಕಿಸಿದಳು. ಅವ್ವ ಬಾಯಿ ಬಡಿದುಕೊಳ್ಳತೊಡಗಿದಳು. ಅಪ್ಪ ಹೊಲದಿಂದ ಓಡಿ ಬಂದು ಚಕ್ಕಡಿ ಹೂಡಿದ. ಡಾಂಬರು ರಸ್ತೆಗೆ ಬಂದಾಗ ಬಸ್ಸಿನ ಹೊತ್ತಲ್ಲ. ಕಲ್ಲು ಇಳಿಸಿ ಖಾಲಿ ಹೊರಟಿದ್ದ ಲಾರಿಯೊಂದಕ್ಕೆ ಅಪ್ಪ ಕೈ ಚಾಚಿ ನಡುರಸ್ತೆಯಲ್ಲೇ ನಿಂತುಬಿಟ್ಟ. ಅಕ್ಕ, ಕೂಸು ಮತ್ತು ಅವ್ವ ಮುಂದೆ ಕೂತರು. ಅಪ್ಪ, ಆಯಿ, ನಾನು ಹಿಂದೆ, ಕಲ್ಲಿನ ಪುಡಿಯ ನಡುವೆ. ನನ್ನನ್ನು ಬಿಟ್ಟುಹೋಗಲು ಅಪ್ಪ ಹೇಳಿದ್ದ, ಆಯಿ ಕೇಳಲಿಲ್ಲ. “ದಾಕ್ತರ ಕೇಳಿದ್ರ ಅಕಿನ ಹೇಳಬೇಕು,” ಎಂದಳು.  ಲಾರಿ ಕುಲುಕಿದಾಗಲೆಲ್ಲ ನಾನು ಮುಂದಿನ ಸಂದಿಯಿಂದ ಅಕ್ಕನ ತಲೆ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ತಲೆ ನೆಟ್ಟಗಿದ್ದರೆ ಜೀವವಿದೆ. ಒಂದು ಕಡೆ ವಾಲಿದರೆ ಎದ್ದು ನಿಂತು ಮತ್ತೆ ಇಣುಕುತ್ತಿದ್ದೆ.

ಬಾಗಲಕೋಟೆಯ ದವಾಖಾನೆಯಲ್ಲಿ ಅಕ್ಕನ ಮೂಗಿನಿಂದ ಕೊಳವೆ ಇಳಿಸಿ ಹೊಟ್ಟೆ ತೊಳೆದರು. ವಯಸ್ಸಾದ ದಾಕ್ತರು ಹೊರಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿದರು.

“ಯಾರು ಕೊಟ್ಟಿದ್ದು ಇದನ್ನ? ಯಾರು ತಂದಿದ್ದು?”

 ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ನನ್ನನ್ನು ಹಿಂದಕ್ಕೆ ಸರಿಸಿ ಮುಂದೆ ನಿಂತಳು.

“ನಾ ಕೊಟ್ಟೇನ್ರಿ. ಹುಡುಗಿ ತಪ್ಪಲ್ರಿ ಇದು. ಅಕಿ ಸಣ್ಣಾಕಿ. ಆರಿಸಿ ನೋಡೂದು ನನ್ನ ಕೆಲಸ ಇತ್ತು. ನನಗ ಕಣ್ಣ ಕಾಣೂದಿಲ್ರಿ. ವರ್ಷದ ಮ್ಯಾಲ ಆತು.”

ಅಪ್ಪ ತನ್ನ ತಾಯಿಯ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡಿದ. ಒಂದೇ ಮನೆಯಲ್ಲಿದ್ದೂ ಅವನಿಗದು ಗೊತ್ತಿರಲಿಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ.

“ಎರಡ ದಿನಾ ಇಲ್ಲೇ ಇರಲಿ. ವಾಂತಿ, ಭೇದಿ ಶುರುವಾದ್ರ ಕೂಡಲೇ ಹೇಳ್ರಿ. ತಾಯಿ ಹಾಲು ಕೂಸಿಗೆ ಈಗ ಕುಡಿಸಬ್ಯಾಡ್ರಿ,” ಎಂದು ದಾಕ್ತರು ಒಳಗೆ ಹೋದರು.

ಆ ಎರಡು ದಿನಗಳಷ್ಟು ಉದ್ದದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಅಕ್ಕನಿಗೆ ಹೊಟ್ಟೆ ತೊಳೆಸಿದ ಸುಸ್ತು, ಬಾಣಂತಿಯ ಸುಸ್ತು. ಒಮ್ಮೆ ತೇಗಿದರೂ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಕೂಸು ಹಸಿದು ಕಿರುಚುತ್ತಿತ್ತು. ಅಕ್ಕನ ಎದೆ ಅದೇ ಹೊತ್ತಿಗೆ ತುಂಬಿಕೊಂಡು ಕುಪ್ಪಸ ಒದ್ದೆಯಾಯಿತು. ಹಾಲು ತಾನಾಗಿಯೇ ಬಂದಿತ್ತು, ಕುಡಿಸುವ ಹಾಗಿರಲಿಲ್ಲ. ಅವ್ವ ಅರಿವೆಯ ಬತ್ತಿಯನ್ನು ಆಕಳ ಹಾಲಿನಲ್ಲಿ ಅದ್ದಿ ಚೀಪಿಸಿದರೆ ಕೂಸು ಉಗುಳಿತು. ಪಕ್ಕದ ಮಂಚದಲ್ಲಿ ಬೇವೂರಿನ ಬಾಣಂತಿಯೊಬ್ಬಳಿದ್ದಳು. ಬಹಳ ಹೊತ್ತು ನೋಡಿ ನೋಡಿ ಕೈ ಚಾಚಿದಳು.

“ಇಲ್ಲೆ ತರ್ರಿ ಕೂಸಿನ್ನ. ನನ್ನ ಮಗಾ ಕುಡದ ಮಲಗ್ಯಾನ. ಇದಕ್ಕೂ ಸಾಕಾಗತೈತಿ.”

ಕೂಸು ಅವಳ ಎದೆಗೆ ಬಾಯಿ ಹಚ್ಚಿ ಸುಮ್ಮನಾಯಿತು. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನಾನು ಅವಳ ಕಾಲ ಬಳಿ ಹೋಗಿ ನಿಂತೆ. ಅವಳು ನನ್ನನ್ನು ನೋಡಲಿಲ್ಲ. ಕೂಸನ್ನು ವಾಪಸು ತಂದುಕೊಡಲು ನಾನು ಕೈ ಚಾಚಿದಾಗ, “ನೀ ಮುಟ್ಟಬ್ಯಾಡ,” ಎಂದಳು. ಜೋರಾಗಿಯಲ್ಲ, ಮೆಲ್ಲಗೆ. ನನಗೆ ಅವ್ವನ ಹೊಡೆತ ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ವರಾಂಡದಲ್ಲಿ ಆಯಿ ಒಬ್ಬಳೇ ಕೂತಿದ್ದಳು. ಹತ್ತಿರ ಹೋಗಿ ಕೂತೆ. ಅವಳೇ ಮಾತು ತೆಗೆದಳು.

“ಎಷ್ಟ ದಿನಾ ಆತು ಇದನ್ನ ಹೊಟ್ಟ್ಯಾಗ ಇಟಗೊಂಡು?”

“ಗುಡ್ಡದಿಂದ ಬಂದಾಗಿಂದ.”

“ನನಗೂ ಆವತ್ತಿಂದನ,” ಎಂದಳು. “ಒಂದ ಕಾಲ ಇಲ್ಲ ಅಂದಾಗ ನಿನ್ನ ದನಿ ನಡಗಿತ್ತು. ನನಗ ತಿಳೀತು. ಬಿಲ್ಲಿ ಒಂದೊಂದ ನೆಕ್ಕಿ ನೋಡೇನಿ. ಕಹಿ ಹತ್ತಲಿಲ್ಲ. ಆದ್ರ ನನ್ನ ನಾಲಿಗಿಗೂ ವಯಸ್ಸಾಗೇತಲ್ಲ. ನಿನ್ನ ಕರದು ‘ನೀ ನೋಡು, ನನಗ ಕಾಣೂದಿಲ್ಲ’ ಅಂದಿದ್ರ ಮುಗೀತಿತ್ತು. ಅನ್ನಲಿಲ್ಲ. ಅಂದಿದ್ರ ಊರಾಗ ಯಾರೂ ನನ್ನ ಕರೀತಿರಲಿಲ್ಲ.”

ನಾನು ಅವಳ ಕೈ ಹಿಡಿದುಕೊಂಡೆ. ಬಿಲ್ಲೆಗಳನ್ನು ನಾನೂ ನೆಕ್ಕಿ ನೋಡಿದ್ದೆ ಎಂದೆ. ಆಯಿ ತಟ್ಟನೆ ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಕಾಣದ ಕಣ್ಣಿನಿಂದಲೇ ಬಹಳ ಹೊತ್ತು ನೋಡಿದಳು. ಆಗ ಮಾತ್ರ ಅತ್ತಳು.

ಅಕ್ಕನಿಗೆ ಏನೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ದಾಕ್ತರು ನಾಡಿ ಹಿಡಿದು, ಕಣ್ಣು ನೋಡಿ, “ಹೋಗ್ರಿ ಮನಿಗೆ. ಕೂಸಿಗೆ ಹಾಲು ಕುಡಸ್ರಿ,” ಎಂದರು. ಪುಡಿಯಲ್ಲಿ ಗೌರಿ ಗಡ್ಡೆ ಇತ್ತೋ ಇಲ್ಲವೋ ಎಂಬುದಕ್ಕೆ ಅವರ ಬಳಿಯೂ ಉತ್ತರವಿರಲಿಲ್ಲ. ಇದ್ದರೂ ಬೇಗ ಕಕ್ಕಿಸಿದ್ದರಿಂದ ಜೀವ ಉಳಿದಿರಬಹುದು, ಗಡ್ಡೆಯೇ ಇರದಿರಲೂಬಹುದು ಎಂದರು. ನಾವು ಹೊರಡುವ ಮೊದಲು ಆಯಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. “ಪೊರೆ ಬಂದೈತಿ. ಇದನ್ನ ತಗೀಬಹುದು. ಚಳಿಗಾಲಕ್ಕ ಬರ್ರಿ,” ಎಂದರು.

ಮನೆಗೆ ಬಂದ ದಿನವೇ ಆಯಿ ಡಬ್ಬಿಯಲ್ಲಿದ್ದ ಪುಡಿಯನ್ನೂ ಜಂತಿಯಲ್ಲಿದ್ದ ಗಡ್ಡೆಯನ್ನೂ ಹಿತ್ತಲಲ್ಲಿ ಆಳದ ಗುಂಡಿ ತೋಡಿಸಿ ಹೂಳಿಸಿದಳು. ತೋಡಿದವಳು ನಾನು. ಎಮ್ಮೆ ಕೆದರದ ಹಾಗೆ ಮೇಲೆ ಕಲ್ಲು ಹೇರಿಸಿದಳು.

ಚಳಿಗಾಲದಲ್ಲಿ ಅವಳ ಕಣ್ಣಿನ ಆಪರೇಷನ್ ಆಯಿತು. ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಮೊದಲ ದಿನ ಮನೆಯ ಗೋಡೆಗಳನ್ನು ನೋಡಿ, “ಇಷ್ಟ ಹೊಲಸ ಇತ್ತೇನು?” ಎಂದು ಅವ್ವನನ್ನು ಕೇಳಿದ್ದಳು. ಹೆರಿಗೆಗೆ ಕರೆಯಲು ಬಂದವರಿಗೆ, “ನರ್ಸಬಾಯಿನೂ ಕರೀರಿ, ಅಕಿ ಬಂದ್ರ ನಾನೂ ಬರ್ತೇನಿ,” ಎನ್ನುತ್ತಿದ್ದಳು. ಮೊದಮೊದಲು ಜನ ಗೊಣಗಿದರು. ಆಮೇಲೆ ಇಬ್ಬರೂ ಒಂದೇ ಚಕ್ಕಡಿಯಲ್ಲಿ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಚೇಳು ಕಡಿದವರು ಬಂದರೆ ತಣ್ಣೀರಿನ ಅರಿವೆ ಸುತ್ತಿ ದವಾಖಾನೆಗೆ ಕಳಿಸುತ್ತಿದ್ದಳು. ಗೌರಿ ಗಡ್ಡೆಯನ್ನು ಅವಳು ಮತ್ತೆ ಮನೆಯೊಳಗೆ ತರಲಿಲ್ಲ. ಹೂವಿನ ಬಗ್ಗೆ ಮಾತ್ರ ಸಿಟ್ಟಿರಲಿಲ್ಲ. “ಹೂವ ಏನ ಮಾಡೀತವಾ, ನಮ್ಮ ಕಣ್ಣ ನೆಟ್ಟಗಿರಬೇಕು,” ಎಂದಿದ್ದಳು ಒಮ್ಮೆ.

ಕೂಸಿಗೆ ಐದನೇ ತಿಂಗಳು ಬಿದ್ದಾಗ ಅಕ್ಕ ಇಳಕಲ್ಲಿಗೆ ಹೊರಟಳು. ಅಲ್ಲಿಯವರೆಗೂ ಅವಳು ನನ್ನೊಂದಿಗೆ ಮಾತಾಡುತ್ತಿದ್ದಳು, ತಲೆ ಬಾಚುತ್ತಿದ್ದಳು, ಆದರೆ ಕೂಸನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ತೊಟ್ಟಿಲು ತೂಗುವಾಗಲೂ ಹಗ್ಗವನ್ನು ಮಾತ್ರ ಹಿಡಿಯುತ್ತಿದ್ದೆ. ಕಳಿಸಿ ಬರಲು ಅಪ್ಪನ ಜೊತೆ ನಾನೂ ಹೋದೆ. ಹುನಗುಂದದಲ್ಲಿ ಬಸ್ಸು ಬದಲಿಸಬೇಕಿತ್ತು. ಸಂತೆಯ ದಿನ, ಬಾಗಿಲಲ್ಲಿ ಜನ ಮುಗಿಬಿದ್ದಿದ್ದರು. ಅಪ್ಪ ಗಂಟುಮೂಟೆಯೊಂದಿಗೆ ಹಿಂದೆಯೇ ಉಳಿದಿದ್ದ. ಅಕ್ಕ ಅತ್ತಿತ್ತ ನೋಡಿದಳು, ಒಂದು ಕ್ಷಣ ತಡೆದಳು, ಆಮೇಲೆ ಕೂಸನ್ನು ನನ್ನ ತೋಳಿಗಿಟ್ಟಳು.

“ಹಿಡಿ. ಗಟ್ಟಿ ಹಿಡಿ. ನಾ ಹತ್ತಿ ಜಾಗಾ ಹಿಡದು ಖಿಡಕ್ಯಾಗಿಂದ ತಗೋತೇನಿ.”

ನಾನು ಉಸಿರಾಡಲೂ ಹೆದರಿ ನಿಂತಿದ್ದೆ. ಕೂಸು ನನ್ನ ಲಂಗದ ದಾರವನ್ನು ಹಿಡಿದುಕೊಂಡಿತ್ತು. ಕಿಟಕಿಯಿಂದ ಅಕ್ಕನ ಎರಡು ಕೈಗಳು ಹೊರಬಂದವು. ಕೊಟ್ಟೆ.

ಎಂಬತ್ತರ ದಶಕದ ನಡುವೆ ನನ್ನ ಮದುವೆಯಾಗಿ, ನಾನು ಬಸುರಿಯಾದಾಗ ಒಮ್ಮೆ ಇಳಕಲ್ಲಿಗೆ ಹೋಗಿದ್ದೆ. ಅಕ್ಕನ ಮಗಳು ಆಗ ಸಾಲೆಗೆ ಹೋಗುತ್ತಿದ್ದಳು. ನಾನು ಆ ಶ್ರಾವಣದ ಮಾತು ತೆಗೆಯಲಿಲ್ಲ, ಅಕ್ಕನೇ ತೆಗೆದಳು.

“ನಿನ್ನ ಮ್ಯಾಲ ಸಿಟ್ಟ ಇರಲಿಲ್ಲ ನನಗ,” ಎಂದಳು. “ಹೆದರಿಕಿ ಇತ್ತು. ವರ್ಷಾನಗಟ್ಟಲೆ ಇತ್ತು. ಈಕಿಗೆ ಮೈ ಬೆಚ್ಚಗಾದ್ರ, ಹೊಟ್ಟಿ ನೋವಂದ್ರ, ಆ ಹಾಲಿಂದನ ಏನೋ ಅಂತ ಅನಸತಿತ್ತು. ಮೊದಲಿಂದು ಹೋಗಿತ್ತಲ್ಲ.”

“ಈಗ?” ಎಂದೆ.

“ಈಗ ಇಲ್ಲ,” ಎಂದಳು. ಸ್ವಲ್ಪ ತಡೆದು, “ಕಡಿಮಿ ಆಗೇತಿ,” ಎಂದಳು.

ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಅವ್ವ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು: “ಒದೀತೈತೇನು?” ಹೌದೆಂದೆ. ಹೆರಿಗೆಗೆ ಎಲ್ಲಿಗೆ ಹೋಗುತ್ತೀ ಎಂದಳು. ಬಾಗಲಕೋಟೆಗೆ, ದವಾಖಾನೆಗೆ ಎಂದೆ. “ಭಾಳ ಚಲೋ,” ಎಂದು ಎದ್ದು ಚಹಾ ಇಡಲು ಒಳಗೆ ಹೋದಳು.